ಪಿಳ್ಳಪ್ಪನವರ ಮುಖ

ಚಂದಾಪುರ
9 ಫೆಬ್ರವರಿ 2025

ವನಜಾ,

ನೀನು ನನ್ನ ನಂಬರ್ ಬ್ಲಾಕ್ ಮಾಡಿದ್ದೀಯ. ನಿನ್ನ ಜಾಗದಲ್ಲಿ ನಾನಿದ್ದಿದ್ದರೆ ಫೋನನ್ನೇ ತೆಗೆದು ಗೋಡೆಗೆ ಹೊಡೆಯುತ್ತಿದ್ದೆ. ಅದಕ್ಕೇ ಕಾಗದ ಬರೆಯಲು ಕೂತಿದ್ದೇನೆ. ನಿನ್ನೆ ಕವರ್ ತರಲು ಅಂಚೆ ಕಚೇರಿಗೆ ಹೋದಾಗ ಕೌಂಟರಿನವರು ಎಲ್ಲಿಗೆ ಎಂದು ಕೇಳಿದರು. ಹೆಬ್ಬಗೋಡಿಗೆ ಅಂದೆ. "ಇಲ್ಲೇ ಬಸ್ ಹತ್ತಿದ್ರೆ ನೀವೇ ಕೊಟ್ಬಿಟ್ಟು ಬರಬಹುದಲ್ಲ ಮೇಡಂ" ಎಂದು ನಕ್ಕರು. ನಾನೂ ನಕ್ಕೆ.

ಕ್ಷಮಿಸು ಎಂದು ಶುರು ಮಾಡಿ ಹಾಳೆಗಳನ್ನು ಹರಿದು ಹಾಕಿದ್ದಾಯಿತು. ಆ ಮಾತನ್ನು ಬಿಟ್ಟು, ಹೇಗಾಯಿತು ಎಂಬುದನ್ನಷ್ಟೇ ಬರೆಯುತ್ತೇನೆ. ನೀನು ಅದನ್ನು ಕೇಳಲೇ ಇಲ್ಲ. "ಮಹಡಿ ಖಾಲಿ ಮಾಡು" ಅಂದೆ, ಅಷ್ಟೇ.

ಆ ಬೆಳಿಗ್ಗೆ ನನ್ನ ಕೈಯಲ್ಲಿ ಮೂರು ಕೆಲಸ ಇದ್ದವು. ಒಂದು ಟ್ಯೂಷನ್ ಸೆಂಟರಿನ ಉದ್ಘಾಟನೆ, ಒಬ್ಬ ಮುಖಂಡರ ಹುಟ್ಟುಹಬ್ಬ, ಒಂದು ಅಪಾರ್ಟ್‌ಮೆಂಟಿನ ಗಣರಾಜ್ಯೋತ್ಸವ. ಮೂವರಿಗೂ ಮಧ್ಯಾಹ್ನದೊಳಗೆ ಫ್ಲೆಕ್ಸ್ ಬೇಕು. ನನ್ನ ಮಗಳು ಯಾರ ಕೈಕೆಳಗೂ ಇಲ್ಲ, ಸ್ವಂತ ಕೆಲಸ ಎಂದು ನಮ್ಮವ್ವ ಹಾವೇರಿಯಲ್ಲಿ ಹೇಳಿಕೊಂಡು ಓಡಾಡುತ್ತಾಳೆ. ಫೋನ್ ಇರುವವರೆಲ್ಲ ನನಗೆ ಮ್ಯಾನೇಜರೇ ಎಂದು ಅವಳಿಗೆ ಗೊತ್ತಿಲ್ಲ. ಅಷ್ಟರಲ್ಲಿ ಆಸ್ಪತ್ರೆಯಿಂದ ನಿನ್ನ ಮೆಸೇಜ್ ಬಂತು, ಅಪ್ಪ ಹೋದ ಎಂದು. ಜೊತೆಗೆ ಕಾಕಾ ಫೋಟೊ. ಕರು ಪಂಚೆ ಎಳೆಯುವಾಗ ನಗುತ್ತಿದ್ದರಲ್ಲ, ಅದು. ಹಿಂದೆಯೇ ನಿನ್ನ ದೊಡ್ಡಪ್ಪನ ಮಗ ಮನು ಫೋನ್ ಮಾಡಿ, "ಅಕ್ಕಾ, ಚಿಕ್ಕಪ್ಪನ್ ಬಾಡಿ ಬರೋಷ್ಟ್ರಲ್ಲಿ ಸರ್ಕಲ್‌ನಲ್ಲಿ ಫ್ಲೆಕ್ಸ್ ಕಟ್ಟಿರ್ಬೇಕು. ಹೆಂಗಾದ್ರೂ ಮಾಡ್ಕೊಡಿ" ಎಂದ.

ಉಳಿದ ಮೂರನ್ನೂ ಬದಿಗಿಡಬೇಕಿತ್ತು. ಇಡಲಿಲ್ಲ. ನಡುವೆ ಮಾಡಿಬಿಡೋಣ ಎಂದುಕೊಂಡೆ. ಡಿಸೆಂಬರಿನಲ್ಲಿ ನಿನ್ನ ದೊಡ್ಡಪ್ಪ ನರಸಪ್ಪನವರ ಅರವತ್ತರ ಹುಟ್ಟುಹಬ್ಬಕ್ಕೆ ಮಾಡಿದ್ದ ಫ್ಲೆಕ್ಸನ್ನೇ ಕಂಪ್ಯೂಟರಿನಲ್ಲಿ ತೆರೆದೆ. ಕೆಳಗೆ ಹಾಕುವ ಬಂಧುಗಳ ಹೆಸರೆಲ್ಲ ಅವೇ, ಮತ್ತೆ ಟೈಪ್ ಮಾಡುವುದು ತಪ್ಪುತ್ತದೆ ಎಂದು. ಬಲೂನು ತೆಗೆದು ದೀಪ ಇಟ್ಟೆ. ಕೆಂಪು ಅಂಚನ್ನು ಕಪ್ಪು ಮಾಡಿದೆ. ಶುಭಾಶಯ ಅಳಿಸಿ ಶ್ರದ್ಧಾಂಜಲಿ ಬರೆದೆ, ಪಿಳ್ಳಪ್ಪನವರು ಎಂದು ಕಾಕಾ ಹೆಸರು ಬರೆದೆ, 'ಫೈನಲ್ 2' ಎಂದು ಸೇವ್ ಮಾಡಿದೆ. ಆಮೇಲೆ ದೊಡ್ಡಪ್ಪನ ಫೋಟೊ ತೆಗೆದು ಕಾಕಾ ಫೋಟೊ ಕೂರಿಸಿ 'ಫೈನಲ್ 3' ಮಾಡಿದೆ. ಕಳಿಸುವ ಹೊತ್ತಿಗೆ ಮುಖಂಡರ ಕಡೆಯವನು ಫೋನಿನಲ್ಲಿ ಕೂಗಾಡುತ್ತಿದ್ದ. ಭುಜಕ್ಕೆ ಫೋನ್ ಒತ್ತಿಕೊಂಡು "ಆಯ್ತು ಸಾರ್, ಆಯ್ತು ಸಾರ್" ಎನ್ನುತ್ತಾ ಪ್ರೆಸ್ಸಿನ ಈರೇಶಣ್ಣನಿಗೆ ಫೈಲ್ ಕಳಿಸಿದೆ. ಕಳಿಸಿದ್ದು 'ಫೈನಲ್ 2'.

ನಿಮ್ಮ ಮಹಡಿಗೆ ಬಂದ ಮೇಲೆ ನೀನು ನೋಡದ ಒಂದು ಫೈಲೂ ನನ್ನ ಕೈಯಿಂದ ಪ್ರೆಸ್ಸಿಗೆ ಹೋದದ್ದಿಲ್ಲ. ಫ್ಯಾಕ್ಟರಿಯಲ್ಲಿ ಎಂಟು ಗಂಟೆ ಪಾರ್ಟು ಚೆಕ್ ಮಾಡಿ ಬಂದವಳು ಮತ್ತೆ ನನ್ನ ಹೆಗಲ ಹಿಂದೆ ನಿಂತು, "ಏನೇ ಇದು, ಮದುಮಗನ ಅಪ್ಪನೇ ಇಲ್ವಲ್ಲೇ" ಎಂದು ತಲೆಗೆ ಮೊಟಕುತ್ತಿದ್ದೆ. ಅವತ್ತು ನೀನು ಆಸ್ಪತ್ರೆಯಲ್ಲಿದ್ದೆ. ನಿನ್ನಪ್ಪನದನ್ನು ನಿನಗೇ ಕಳಿಸಿ, ನೋಡು ಸರಿ ಇದೆಯಾ ಎನ್ನಲು ನನಗೆ ಬಾಯಿ ಬರಲಿಲ್ಲ. ನಾನೇ ಒಂದು ಸಲ ತೆರೆದು ನೋಡಿದ್ದರೆ ಸಾಕಿತ್ತು. ಎಷ್ಟು ಹೊತ್ತಿನ ಕೆಲಸ ಅದು?

ಉತ್ತರ ಬರೆಯಬೇಕೆಂದೇನಿಲ್ಲ. ರಾಮಕ್ಕಮ್ಮ ಊಟ ಮಾಡುತ್ತಿದ್ದಾರಾ ಎಂದಷ್ಟೇ ತಿಳಿಯಬೇಕಿತ್ತು.

ನಿಮ್ಮ ಮಹಡಿಯಲ್ಲಿದ್ದ
ಮೇಘಾ

*

ಹೆಬ್ಬಗೋಡಿ
2 ಮಾರ್ಚ್ 2025

ಮೇಘಾ,

ಕಾಗದ ಬಂದು ಬಹಳ ದಿನವಾಯಿತು. ಓದಬಾರದು ಎಂದು ಅಕ್ಕಿ ಡಬ್ಬದ ಮೇಲೆ ಇಟ್ಟಿದ್ದೆ. "ಏನ್ ಬರ್ದವ್ಳೋ ಓದವ್ವ, ಪಾಪ" ಎಂದು ಅಮ್ಮ ದಿನಾ ಗೊಣಗಿದಳು. ಪಾಪವಂತೆ. ಅಮ್ಮ ಊಟ ಮಾಡುತ್ತಿದ್ದಾಳೆ.

ಹೇಗಾಯಿತು ಎಂದು ನೀನು ಬರೆದಿದ್ದೀಯ. ಏನಾಯಿತು ಎಂದು ನಾನು ಬರೆಯುತ್ತೇನೆ. ನೀನು ಮಹಡಿ ಬಾಗಿಲು ಹಾಕಿಕೊಂಡು ಅಳುತ್ತಿದ್ದೆ, ನಿನಗೆ ಅರ್ಧವೂ ಗೊತ್ತಿಲ್ಲ.

ಆಂಬುಲೆನ್ಸ್ ಹೊಸೂರು ರೋಡಿನಿಂದ ತಿರುಗಿದಾಗ ನಾನು ಅಪ್ಪನ ಪಕ್ಕ ಕೂತಿದ್ದೆ. ಕಿಟಕಿಯಿಂದ ನೋಡಿದರೆ ಸರ್ಕಲ್‌ನಲ್ಲಿ ದೊಡ್ಡಪ್ಪ. ಅಪ್ಪನ ಹೆಸರು, ದೊಡ್ಡಪ್ಪನ ಮುಖ, ಮುಖದ ಸುತ್ತ ಹಾರ. ಹಾಲಿನ ಬೂತಿನ ಹತ್ತಿರ ಇನ್ನೊಂದು, ಕೆರೆ ಏರಿ ಮೇಲೆ ಮತ್ತೊಂದು. ಕಟ್ಟಿದ ಹುಡುಗರಿಗೆ ಗೊತ್ತಾಗಲಿಲ್ಲ. ಅಣ್ಣತಮ್ಮ ನೋಡಲು ಒಂದೇ ಅಚ್ಚು, ಕಪ್ಪು ಅಂಚು ಕಂಡ ಮೇಲೆ ಮುಖವನ್ನು ಯಾರು ದಿಟ್ಟಿಸುತ್ತಾರೆ?

ಬಂದವರೆಲ್ಲ ಮೊದಲು ದೊಡ್ಡಪ್ಪನ ಮನೆಗೆ ಹೋದರು. ಅನುಸೂಯಮ್ಮಜ್ಜಿ ಹಾರ ಹಿಡಿದು ಗೋಳಾಡುತ್ತಾ ಹೋಗಿ, ಜಗಲಿ ಮೇಲೆ ಕೂತಿದ್ದ ದೊಡ್ಡಪ್ಪನನ್ನು ಕಂಡು ಕಿಟಾರನೆ ಕಿರುಚಿ ಕುಸಿದಳಂತೆ. ಬೇರೆ ಯಾರದೋ ಮನೆಯಲ್ಲಿ ಹೀಗಾಗಿದ್ದರೆ ನಾನೂ ನೀನೂ ಹೇಳಿಕೊಂಡು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆವು.

ಆಮೇಲೆ ದೊಡ್ಡಮ್ಮ ಎದೆ ಬಡಿದುಕೊಳ್ಳಲು ಶುರು ಮಾಡಿದಳು. ಬದುಕಿರುವವನಿಗೆ ಶ್ರದ್ಧಾಂಜಲಿ ಕಟ್ಟಿದ ಮೇಲೆ, ಶಾಂತಿ ಮಾಡಿಸುವವರೆಗೆ ಅವನು ಮಣ್ಣಿನ ಹತ್ತಿರ ಸುಳಿಯಬಾರದು ಎಂದು ಯಾರೋ ಅವಳ ಕಿವಿಗೆ ಹಾಕಿದ್ದರು. ದೊಡ್ಡಪ್ಪನನ್ನು ಕಾರಿನಲ್ಲಿ ಕೂರಿಸಿಕೊಂಡು ದೇವಸ್ಥಾನಕ್ಕೆ ಹೊರಟರು. ಇತ್ತ ನಾವು ಅಪ್ಪನನ್ನು ಹೊಲಕ್ಕೆ ಒಯ್ದೆವು. ಅಣ್ಣ ಬಂದು ಮೊದಲ ಹಿಡಿ ಮಣ್ಣು ಹಾಕಲಿ ಎಂದು ಎಲ್ಲರೂ ಕಾದರು. ಬಿಸಿಲು ಇಳಿಯುತ್ತಾ ಬಂತು. ಯಾರೋ ಗಡಿಯಾರ ನೋಡಿಕೊಂಡರು. ಕೊನೆಗೆ ಮನು ಹಾಕಿದ.

ಅಪ್ಪ ಹುಟ್ಟಿದಾಗಿನಿಂದ ಅಣ್ಣನ ಹಿಂದೆ ನಿಂತವನು. ಜಮೀನು ಕಂಪನಿಗೆ ಹೋದಾಗ ಮಾತಾಡಿದ್ದು ಅಣ್ಣ, ಬಾಡಿಗೆ ಮನೆ ಕಟ್ಟಿಸಿದ್ದು ಅಣ್ಣ, ಅಪ್ಪನಿಗೆ ಎರಡು ಹಸು ಸಾಕು. ಮದುವೆ ಫೋಟೊಗಳಲ್ಲಿ ಕೂಡ ಅವನ ಅರ್ಧ ಮುಖ ದೊಡ್ಡಪ್ಪನ ಪೇಟದ ಹಿಂದೆ ಇರುತ್ತದೆ. ಸತ್ತ ಒಂದು ದಿನವಾದರೂ ಅವನ ಮುಖವನ್ನು ಊರು ನೋಡಬೇಕಿತ್ತು. ಅದಕ್ಕೇ ನಾನು ನಿನಗೆ ಆ ಫೋಟೊ ಕಳಿಸಿದ್ದು.

ಸರಿಯಾದದ್ದನ್ನು ಪ್ರಿಂಟ್ ಹಾಕಿಸುತ್ತೇನೆ ಎಂದು ಸಂಜೆ ಮನುಗೆ ಹೇಳಿದೆಯಂತೆ. ಈ ಮನೆಯಲ್ಲಿ ಇನ್ನು ಫ್ಲೆಕ್ಸ್ ಎಂಬ ಮಾತೇ ಬೇಡ ಎಂದಳು ದೊಡ್ಡಮ್ಮ. ನಾನೂ ಹೂಂ ಅಂದೆ.

ಮತ್ತೆ ಬರೆಯಬೇಡ.

ವನಜಾ

*

ಚಂದಾಪುರ
6 ಏಪ್ರಿಲ್ 2025

ವನಜಾ,

ಬರೆಯಬೇಡ ಅಂದಿದ್ದೆ. ಯುಗಾದಿ ಕಳೆಯಲಿ ಎಂದು ಕೈ ಕಟ್ಟಿಕೊಂಡಿದ್ದೆ. ಇದನ್ನು ಓದದೆ ಒಲೆಗೆ ಹಾಕಿದರೂ ಸರಿ.

ದೊಡ್ಡಪ್ಪ ಮಣ್ಣಿಗೆ ಬರಲಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ನಿಜವಾಗಿಯೂ ಗೊತ್ತಿರಲಿಲ್ಲ. ಫೋಟೊ ತಪ್ಪಿತು, ಜನ ನಕ್ಕರು, ನಿನಗೆ ಅವಮಾನವಾಯಿತು, ಇಷ್ಟೇ ಎಂದುಕೊಂಡಿದ್ದೆ. ನನ್ನ ಒಂದು ಬೆರಳು ಅಷ್ಟು ದೂರ ಹೋಗುತ್ತದೆ ಎಂದು ನಾನು ಎಣಿಸಿರಲಿಲ್ಲ.

ಈಗ ನಾನು ಕೆಲಸ ಮಾಡುವುದನ್ನು ನೋಡಿದರೆ ನಿನಗೆ ನಗು ಬರುತ್ತದೆ. ಒಂದು ಮುಗಿಯದೆ ಇನ್ನೊಂದನ್ನು ಮುಟ್ಟುವುದಿಲ್ಲ. ಫೈಲ್ ಕಳಿಸುವ ಮುಂಚೆ ಫೋನನ್ನು ಸ್ನಾನದ ಮನೆಯಲ್ಲಿಟ್ಟು ಬಾಗಿಲು ಹಾಕುತ್ತೇನೆ. ಹಳೆಯ ಫೈಲಿನ ಮೇಲೆ ಹೊಸದು ಮಾಡುವುದನ್ನು ಬಿಟ್ಟಿದ್ದೇನೆ, ಎಲ್ಲವನ್ನೂ ಖಾಲಿ ಹಾಳೆಯಿಂದ ಶುರು ಮಾಡುತ್ತೇನೆ. ಜೆರಾಕ್ಸ್ ಅಂಗಡಿಗೆ ಹೋಗಿ ಕಾಗದದ ಮೇಲೆ ಪ್ರಿಂಟ್ ತೆಗೆದು, ಅಲ್ಲೇ ನಿಂತು ಜೋರಾಗಿ ಓದುತ್ತೇನೆ. ಅಂಗಡಿಯವನು ನನ್ನನ್ನು ಅರೆಹುಚ್ಚಿ ಎಂದೇ ತಿಳಿದಿದ್ದಾನೆ. ಇಷ್ಟಾದ ಮೇಲೂ ಕಳಿಸು ಎನ್ನುವ ಬಟನ್ ಒತ್ತಲು ಆಗುವುದಿಲ್ಲ. ಮೊನ್ನೆ ಒಬ್ಬರು ಕಾದು ಕಾದು, "ಮೇಡಂ, ಮಗೂಗೆ ಎರಡನೇ ಬರ್ತ್‌ಡೇನೇ ಬಂದ್ಬಿಡತ್ತೆ" ಎಂದು ಬೇರೆಯವರ ಹತ್ತಿರ ಹೋದರು. ಅವರ ಮಾತಿನಲ್ಲಿ ತಪ್ಪಿಲ್ಲ.

ಶ್ರದ್ಧಾಂಜಲಿಯ ಕೆಲಸ ಬಂದರೆ ಇಲ್ಲ ಎನ್ನುತ್ತೇನೆ. ಈರೇಶಣ್ಣ ಬೈಯುತ್ತಾರೆ, ಅದೇ ಜಾಸ್ತಿ ಬರೋದು ಎಂದು. ಅವ್ವ ಊರಿಗೆ ಬಾ ಎನ್ನುತ್ತಾಳೆ. ಹೋದರೆ ಓಡಿ ಹೋದ ಹಾಗಾಗುತ್ತದೆ. ಇಲ್ಲೇ ಇದ್ದರೂ ನಿನಗೇನೂ ಆಗಬೇಕಿಲ್ಲ, ಗೊತ್ತು. ಆದರೂ ಇದ್ದೇನೆ.

ನೀನು ಇಲ್ಲದೆ ನನಗೆ ಬೇಸರವಾಗುತ್ತದೆ ವನಜಾ. ನಿನ್ನ ಕಣ್ಣಿಗಾಗಿ ಅಲ್ಲ. ನಿನಗಾಗಿ.

ಮೇಘಾ

*

ಹೆಬ್ಬಗೋಡಿ
15 ಜೂನ್ 2025

(ಅಪ್ಪ ಹೇಳಿದ್ದನ್ನು ಹೇಳಿದ ಹಾಗೇ ಬರೆದಿದ್ದೇನೆ ಅಕ್ಕ. ವಿಳಾಸವನ್ನು ವನಜಕ್ಕನ ಕಿಟಕಿಯಲ್ಲಿದ್ದ ಕವರಿನಿಂದ ತೆಗೆದುಕೊಂಡೆ. ಅವಳಿಗೆ ಹೇಳಬೇಡಿ. ಮನು.)

ಮೇಘವ್ವ,

ಎಂಗಿದೀಯವ್ವ? ನಾನು ನರಸಪ್ಪ. ಸತ್ತಿಲ್ಲ, ಎದ್ರುಕೋಬೇಡ.

ಸತ್ತಾಗ ಜನ ನಮ್ಮನ್ನ ಏನಂತಾರೆ ಅಂತ ಬದುಕಿದ್ದಾಗ್ಲೇ ಕೇಳಿದೋನು ಈ ತಾಲೂಕಲ್ಲಿ ನಾನೊಬ್ನೆ ಇರ್ಬೇಕು. ಒಬ್ಬ ಒಳ್ಳೇ ಮನ್ಸ ಅಂದ. ಇನ್ನೊಬ್ಬ ಬಾಡಿಗೆ ಯಾರ್ ಕೈಗೆ ಕೊಡ್ಬೇಕು ಇನ್ಮೇಲೆ ಅಂತ ಕೇಳ್ದ. ಅದಿರ್ಲಿ.

ನನ್ ಎಂಡ್ತಿ ವಸಂತ ನಿನ್ನ ಬೈದವ್ಳೆ, ಊರೆಲ್ಲ ಬೈದೈತೆ. ನಾನು ಬೈಯಲ್ಲ. ಯಾಕೆ ಅಂದ್ರೆ ಫ್ಲೆಕ್ಸು ನನ್ನ ಕಾಲು ಕಟ್ಟಾಕ್ಲಿಲ್ಲ ಕಣವ್ವ. ಕಾರಲ್ಲಿ ಕೂತಿದ್ದಾಗ ಇಳ್ದು ಓಗ್ಬೋದಿತ್ತು. ನನ್ ತಮ್ಮ ಅಲ್ಲಿ ಮಲಗವ್ನೆ, ನಾನಿಲ್ದೆ ಅವ್ನು ಸಂತೆಗೂ ಓದೋನಲ್ಲ. ಆದ್ರೂ ಇಳೀಲಿಲ್ಲ. ಯಾಕೆ? ನನ್ ಮುಖಾನೇ ಅಂಗೆ ಕಪ್ಪು ಗೆರೆ ಒಳ್ಗೆ ನೋಡ್ದೆ ನೋಡು, ಜೀವ ಝಲ್ ಅಂತು. ಸಾವು ನನ್ ಎಸ್ರೂ ಕೇಳ್ಬಿಡ್ತದೇನೋ ಅನ್ನಿಸ್ತು. ಎದ್ರುಕೊಂಡೆ. ಅಷ್ಟೇಯ.

ವನಜ ನನ್ನ ಮಾತಾಡ್ಸಲ್ಲ. ಎದುರಿಗೆ ಬಂದ್ರೆ ನನ್ ಮುಖ ನೋಡ್ದೆ ನೆಲ ನೋಡ್ಕೊಂಡು ಓಯ್ತಾಳೆ. ಮುಂಚೆ ದೊಡ್ಡಪ್ಪ ಅಂತ ಜೇಬಿಗೆ ಕೈ ಆಕ್ತಿದ್ದ ಮಗೀಗೆ ಇವತ್ತು ನನ್ ಮುಖ ಬ್ಯಾಡ. ಅದುನ್ನ ಏಳ್ಕೊಳಾಕೆ ಯಾರೂ ಇರ್ಲಿಲ್ಲ, ನಿಂಗೆ ಬರೆಸ್ದೆ.

ಕೆಲ್ಸ ಬಿಡ್ಬ್ಯಾಡ. ಒಟ್ಟೆ ನೋಡ್ಕೊ.

ನರಸಪ್ಪ

*

ಹೆಬ್ಬಗೋಡಿ
1 ಸೆಪ್ಟೆಂಬರ್ 2025

ಮೇಘಾ,

ನಾನಾಗಿಯೇ ಬರೆಯುತ್ತಿದ್ದೇನೆ. ಒಂದು ವಸ್ತು ಬೇಕಾಗಿದೆ.

ಇಪ್ಪತ್ತೊಂದಕ್ಕೆ ಮಹಾಲಯ ಅಮಾವಾಸ್ಯೆ. ಹಿರಿಯರಿಗೆ ಎಡೆ ಇಡುವಾಗ ಈ ವರ್ಷ ಅಜ್ಜ ಅಜ್ಜಿಯ ಪಟದ ಪಕ್ಕ ಅಪ್ಪನ ಪಟವೂ ಕೂರಬೇಕು. "ಅವ್ರ ಪಟ ಎಲ್ಲವ್ವ? ಯಾರಿಗೆ ಅಂತ ಎಲೆ ಹಾಕ್ಲಿ?" ಎಂದು ಅಮ್ಮ ಕೇಳುತ್ತಿದ್ದಾಳೆ. ಎಲ್ಲವನ್ನೂ ಹುಡುಕಿದೆ. ಮದುವೆ ಆಲ್ಬಂಗಳ ವಿಷಯ ನಿನಗೆ ಗೊತ್ತೇ ಇದೆ. ಆಧಾರ್ ಕಾರ್ಡಿನಲ್ಲಿ ಸುಣ್ಣ ಬಳಿದ ಹಾಗೆ ಎರಡು ಕಣ್ಣು ಮಾತ್ರ ಕಾಣುತ್ತವೆ. ಅದನ್ನು ದೊಡ್ಡದು ಮಾಡಿಸಿದರೆ ಇನ್ನೂ ಕೆಟ್ಟದಾಯಿತು.

ಕರುವಿನ ಜೊತೆ ನಗುತ್ತಿರುವುದು ಒಂದೇ ಅವನು ಒಬ್ಬನೇ ಇರುವ ಫೋಟೊ. ನಾನು ತೆಗೆದ ಫೋನು ಅವತ್ತೇ ಆಸ್ಪತ್ರೆಯ ಮೆಟ್ಟಿಲ ಮೇಲೆ ಬಿದ್ದು ಒಡೆದು ಹೋಯಿತು, ಅಂಗಡಿಯವನು ಏನೂ ಬರುವುದಿಲ್ಲ ಎಂದ. ನಿನಗೆ ಬಿಟ್ಟು ಬೇರೆ ಯಾರಿಗೂ ಅದನ್ನು ಕಳಿಸಿರಲಿಲ್ಲ.

ಒಂದು ಪ್ರಿಂಟ್ ಹಾಕಿಸಿ ಅಂಚೆಯಲ್ಲಿ ಕಳಿಸು. ಬಣ್ಣ ಗಿಣ್ಣ ಏನೂ ಮಾಡಬೇಡ, ಇದ್ದ ಹಾಗೇ ಇರಲಿ.

ವನಜಾ

*

ಚಂದಾಪುರ
8 ಸೆಪ್ಟೆಂಬರ್ 2025

ವನಜಾ,

ನಿನ್ನ ಅಕ್ಷರ ನೋಡಿ ಕುಣಿದಾಡಿದೆ.

ಫೋಟೊ ನನ್ನ ಹತ್ತಿರ ಇಲ್ಲ. ನೀನು ಬ್ಲಾಕ್ ಮಾಡಿದ ದಿನ ನಾನು ಎಲ್ಲವನ್ನೂ ಅಳಿಸಿಬಿಟ್ಟೆ. ನಮ್ಮಿಬ್ಬರ ಮೆಸೇಜು, ಆ ಫೋಲ್ಡರು, ಫೈನಲ್ ಎರಡು, ಫೈನಲ್ ಮೂರು, ಎಲ್ಲ. ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ಕಣ್ಣಿಗೆ ಬಿದ್ದರೆ ಸತ್ತೇ ಹೋಗುತ್ತೇನೆ ಅನ್ನಿಸಿತ್ತು. ಅದರೊಳಗೆ ಕಾಕಾ ಇದ್ದಾರೆ, ಅವರು ನನ್ನ ಸ್ವತ್ತಲ್ಲ ಎಂದು ಆ ಗಳಿಗೆಯಲ್ಲಿ ಹೊಳೆಯಲೇ ಇಲ್ಲ. ಮೊದಲನೆಯದು ಫೋನಿನಲ್ಲಿ ಕೂಗಾಡುತ್ತಿದ್ದವನ ಗಡಿಬಿಡಿಯಲ್ಲಿ ಆಗಿತ್ತು ಎಂದಾದರೂ ಹೇಳಬಹುದು. ಇದರ ಗಡಿಬಿಡಿ ಪೂರ್ತಿ ನನ್ನದೇ.

ಹಾರ್ಡ್ ಡಿಸ್ಕನ್ನು ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಗೆ ಒಯ್ದು ತೋರಿಸಿದೆ. ಅದರ ಮೇಲೆ ಆಮೇಲೆ ಬಂದ ಕೆಲಸಗಳು ಕೂತಿವೆ, ಬರುವುದಿಲ್ಲ ಎಂದರು. ಈರೇಶಣ್ಣನ ಪ್ರೆಸ್ಸಿನಲ್ಲಿ ಇರುವುದು ನಾನು ಕಳಿಸಿದ ಆ ತಪ್ಪು ಫೈಲ್ ಒಂದೇ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಈರೇಶಣ್ಣ, "ಅಣ್ತಮ್ಮ ಒಂದೇ ಥರ ಇದ್ರು ಅಂತೀಯ. ಎಐಗೆ ದೊಡ್ಡೋರ್ ಫೋಟೊ ಹಾಕು, ಸ್ವಲ್ಪ ಸಣ್ಣ ಮಾಡು ಅನ್ನು, ನಗ್ಸು. ಯಾರಿಗ್ ಗೊತ್ತಾಗತ್ತೆ?" ಎಂದರು. ಮಾಡಿದೆ. ನರಸಪ್ಪನವರ ಹುಟ್ಟುಹಬ್ಬದ ಫೋಟೊ ಹಾಕಿ, ಕೆನ್ನೆ ತಗ್ಗಿಸಿ, ಗಡ್ಡ ಬೆಳೆಸಿ, ಪಕ್ಕದಲ್ಲಿ ಕರು ನಿಲ್ಲಿಸಿದೆ. ತುಂಬಾ ಚೆನ್ನಾಗಿ ಬಂತು. ರಾಮಕ್ಕಮ್ಮ ಕೂಡ ಒಂದು ಗಳಿಗೆ ನಂಬುತ್ತಿದ್ದರು. ಕವರಿಗೂ ಹಾಕಿದ್ದೆ. ನಿನಗೆ ನನ್ನ ಮೇಲೆ ಮತ್ತೆ ಪ್ರೀತಿ ಹುಟ್ಟುತ್ತಿತ್ತು, ಅದಕ್ಕಾಗಿ ನನಗೆ ಆಸೆಯೂ ಆಯಿತು.

ಆದರೆ ಅದು ನರಸಪ್ಪನವರ ಮುಖ ವನಜಾ. ಕಾಕಾ ಎಲೆಯ ಮುಂದೆ ಮತ್ತೊಂದು ಸಲ ಅವರಣ್ಣನನ್ನು ಕೂರಿಸಲು ನನ್ನಿಂದ ಆಗಲಿಲ್ಲ. ಹರಿದು ಹಾಕಿದೆ.

ನಿನಗೆ ಕೊಡಲು ನನ್ನ ಹತ್ತಿರ ಏನೂ ಉಳಿದಿಲ್ಲ.

ಮೇಘಾ

*

ಹೆಬ್ಬಗೋಡಿ
12 ಸೆಪ್ಟೆಂಬರ್ 2025

ಮೇಘಾ,

ನಿನ್ನ ಕಾಗದ ಓದಿ ಎರಡು ದಿನ ನಿನ್ನನ್ನು ಶಪಿಸಿದೆ. ಬಾಯಿಗೆ ಬಂದದ್ದೆಲ್ಲ ಬೈದೆ. ಗೋಡೆಗೆ ಬೈದೆ, ಹಸುವಿಗೆ ಬೈದೆ. ಈಗ ಬೈಗುಳ ಮುಗಿದಿದೆ.

ಇದನ್ನು ನಾನು ಅಮ್ಮನಿಗೂ ಹೇಳಿಲ್ಲ. ನನಗೆ ಅಪ್ಪನ ಮುಖ ನೆನಪಾಗುತ್ತಿಲ್ಲ. ಕಣ್ಣು ಮುಚ್ಚಿದರೆ ಸರ್ಕಲ್ ಬರುತ್ತದೆ, ಆ ಫ್ಲೆಕ್ಸ್ ಬರುತ್ತದೆ, ದೊಡ್ಡಪ್ಪ ಬರುತ್ತಾನೆ. ಅಪ್ಪನ ಧ್ವನಿ ಇದೆ, ಅವನ ಬೀಡಿ ವಾಸನೆ ಇದೆ, ಮುಖ ಇರುವ ಕಡೆ ದೊಡ್ಡಪ್ಪನ ಮುಖ ಕೂತಿದೆ. ಅದಕ್ಕೇ ನಾನು ದೊಡ್ಡಪ್ಪನನ್ನು ನೋಡುವುದನ್ನು ಬಿಟ್ಟಿದ್ದೇನೆ. ಪಾಪ, ನನಗೆ ಸಿಟ್ಟು ಎಂದು ಅವನಿಗೆ ಅನ್ನಿಸಿರಬೇಕು. ನೋಡಿದಷ್ಟೂ ಅಪ್ಪ ಅಳಿಸಿಹೋಗುತ್ತಾನೆ ಎಂದು ನನಗೆ ಭಯ. ಆ ಫೋಟೊ ಬಂದರೆ ಸರಿ ಹೋಗುತ್ತದೆ ಎಂದು ಜೀವ ಹಿಡಿದುಕೊಂಡಿದ್ದೆ.

ಮಗಳಾಗಿ ನಾನು ಅಪ್ಪನ ಮುಖವನ್ನು ಯಾವತ್ತೂ ಸರಿಯಾಗಿ ನೋಡಿಯೇ ಇರಲಿಲ್ಲವೇನೋ. ದಿನಾ ಇರುವವನನ್ನು ಯಾರು ನೋಡುತ್ತಾರೆ? ನಿನ್ನ ಕೆಲಸವೇ ಮುಖ ನೋಡುವುದು. ಮೂರು ವರ್ಷ ನಮ್ಮ ಅಂಗಳದಲ್ಲಿ ಕೂತು ಅವನ ಕೈಯಿಂದ ಹಾಲು ಇಸಿದುಕೊಂಡಿದ್ದೀಯ. ನಿನಗೆ ನೆನಪಿರುವುದನ್ನು ಬರೆದು ಕಳಿಸು. ಚಂದ ಮಾಡಬೇಡ. ಸತ್ತವರ ಬಗ್ಗೆ ಬರೆಯುವ ಹಾಗೆ ಬರೆಯಬೇಡ.

ಅಮಾವಾಸ್ಯೆಗೆ ಮುಂಚೆ ಬರಲಿ.

ವನಜಾ

*

ಚಂದಾಪುರ
16 ಸೆಪ್ಟೆಂಬರ್ 2025

ವನಜಾ,

ಬರೆಯುತ್ತಿದ್ದೇನೆ. ಗೊತ್ತಿರುವುದು ಮಾತ್ರ.

ಕಾಕಾ ಹಣೆ ಎರಡು ಬಣ್ಣದ್ದು. ಟವೆಲ್ ಸುತ್ತುತ್ತಿದ್ದ ಗೆರೆಯ ಮೇಲೆ ತಿಳಿ ಬಣ್ಣ, ಕೆಳಗೆ ಬಿಸಿಲಿಗೆ ಸುಟ್ಟ ಕಪ್ಪು. ಟವೆಲ್ ತೆಗೆದಾಗ ಬೇರೆ ಯಾರೋ ಅನ್ನಿಸುತ್ತಿದ್ದರು. ನಿನ್ನ ದೊಡ್ಡಪ್ಪನ ಹುಬ್ಬು ಎರಡೂ ಒಂದೇ ಸಮ ದಪ್ಪ. ಕಾಕಾ ಎಡ ಹುಬ್ಬಿನ ನಡುವೆ ಕೂದಲಿಲ್ಲದ ಒಂದು ಜಾಗ ಇತ್ತು, ಹಸು ಕೊಂಬು ತಾಗಿಸಿದ್ದು. ಅದರಿಂದ ಆ ಕಣ್ಣು ಯಾವಾಗಲೂ ಏನೋ ಕೇಳುತ್ತಿರುವ ಹಾಗೆ ಕಾಣುತ್ತಿತ್ತು.

ದೊಡ್ಡಪ್ಪ ಮಾತಾಡುವಾಗ ನೇರ ನಮ್ಮ ಕಣ್ಣು ನೋಡುತ್ತಾರೆ. ಕಾಕಾ ನಮ್ಮ ಕೈ ನೋಡುತ್ತಿದ್ದರು. ನಾನು ಬಂದ ಹೊಸದರಲ್ಲಿ ಕೈಯಲ್ಲಿ ಏನಾದರೂ ಹತ್ತಿದೆಯಾ ಎಂದು ಒರೆಸಿಕೊಂಡಿದ್ದೆ. ಅದಕ್ಕೇ ಅವರ ರೆಪ್ಪೆ ಅರ್ಧ ಮುಚ್ಚಿದ ಹಾಗಿರುತ್ತಿತ್ತು. ಬಲಗಿವಿ ಸ್ವಲ್ಪ ಮಂದ, ಕೇಳಿಸಿಕೊಳ್ಳಲು ಎಡಗಿವಿಯನ್ನು ಮುಂದೆ ತರುತ್ತಿದ್ದರು, ಆಗ ಕತ್ತಿನ ಬಲಗಡೆ ಒಂದು ನರ ಎದ್ದು ಕಾಣುತ್ತಿತ್ತು.

ಮೂಗು ಇಬ್ಬರದೂ ಒಂದೇ. ಅದನ್ನು ದೊಡ್ಡಪ್ಪನ ಮುಖದಲ್ಲಿ ನೋಡಬಹುದು, ಹೆದರಬೇಡ.

ಕೆನ್ನೆ ಒಳಗೆ ಹೋಗಿತ್ತು. ಗಡ್ಡ ಸೋಮವಾರ ಮಾತ್ರ ಹೆರೆಸುತ್ತಿದ್ದರು, ಭಾನುವಾರದ ಹೊತ್ತಿಗೆ ಗದ್ದದಲ್ಲಿ ಬೆಳ್ಳಗೆ, ಕೆನ್ನೆಯಲ್ಲಿ ಕಪ್ಪು ಬಿಳಿ ಕಲಸಿಕೊಂಡು ಇರುತ್ತಿತ್ತು. ಮೀಸೆಯ ತುದಿ ಬೀಡಿಯಿಂದ ಹಳದಿ. ಮೇಲಿನ ಸಾಲಿನಲ್ಲಿ ಒಂದು ಹಲ್ಲು ಇರಲಿಲ್ಲ, ಎಡಕ್ಕೆ. ನಗು ಬಂದರೆ ಅದನ್ನು ಮುಚ್ಚಲು ಕೈ ಎತ್ತುತ್ತಿದ್ದರು, ಆದರೆ ಕೈ ಯಾವಾಗಲೂ ತಡ. ನಗು ಆಚೆ ಬಂದ ಮೇಲೆ ಕೈ ಬರುತ್ತಿತ್ತು. ಆಮೇಲೆ ಆ ಕೈಯಿಂದ ಏನು ಮಾಡುವುದೆಂದು ತಿಳಿಯದೆ ಮೂಗು ಉಜ್ಜಿಕೊಳ್ಳುತ್ತಿದ್ದರು. ಫೋಟೊದಲ್ಲಿ ಕೈ ಇನ್ನೂ ಎದೆಯ ಹತ್ತಿರ ಇತ್ತು.

ಗದ್ದದ ಕೆಳಗೆ ಒಂದು ಮಚ್ಚೆ ಇತ್ತು. ಯಾವ ಪಕ್ಕ ಎಂದು ನನಗೆ ಗೊತ್ತಿಲ್ಲ. ನಿನ್ನೆಯಿಡೀ ಯೋಚಿಸಿದೆ. ಎಡ ಅನ್ನಿಸುತ್ತದೆ, ಬಲ ಅನ್ನಿಸುತ್ತದೆ. ಊಹಿಸಿ ಬರೆಯುವುದಿಲ್ಲ. ಅದೊಂದನ್ನು ಬಿಟ್ಟಿದ್ದೇನೆ.

ಕಾಕಾ ನನ್ನನ್ನು ಹೆಸರಿನಿಂದ ಕರೆದದ್ದಿಲ್ಲ, ಮೇಲಿನ ಮಗಾ ಎನ್ನುತ್ತಿದ್ದರು. ಇದು ಮುಖದ ವಿಷಯವಲ್ಲ. ಬರೆಯಬೇಕು ಅನ್ನಿಸಿತು.

ಮೇಘಾ

*

ಹೆಬ್ಬಗೋಡಿ
23 ಸೆಪ್ಟೆಂಬರ್ 2025

ಮೇಘಾ,

ಎಡೆ ಇಟ್ಟೆವು. ಪಟವಿಲ್ಲದೆ ಎಲೆ ಹಾಕಿದೆವು. ಎಲೆಯ ಮುಂದೆ ಕೂತು ನಿನ್ನ ಕಾಗದವನ್ನು ಅಮ್ಮನಿಗೆ ಓದಿದೆ. ದೊಡ್ಡಪ್ಪನೂ ಬಂದು ಬಾಗಿಲ ಹತ್ತಿರ ನಿಂತಿದ್ದ. ನಾನೇ ಒಳಗೆ ಬಾ ಎಂದೆ. ಕೈ ತಡವಾಗಿ ಬರುತ್ತಿತ್ತು ಎಂದು ಬರೆದಿದ್ದೀಯಲ್ಲ, ಅಲ್ಲಿಗೆ ಬಂದಾಗ ಅವನು ಟವೆಲ್ಲನ್ನು ಬಾಯಿಗೆ ತುರುಕಿಕೊಂಡು ಗೋಡೆಯ ಕಡೆ ತಿರುಗಿದ. "ಸಣ್ಣೋನಿದ್ದಾಗಿಂದ ಅಂಗೇಯ, ಅಂಗೇಯ" ಎಂದ. ಅಮ್ಮ ಎಲೆಗೆ ಇನ್ನೊಂದು ತುತ್ತು ಪಾಯಸ ಹಾಕಿದಳು.

ನಿನ್ನನ್ನು ಮನೆಗೆ ಬಾ ಎಂದು ಬರೆಯಲು ಹೋದೆ. ಇನ್ನೂ ಕೈ ಬರುತ್ತಿಲ್ಲ. ಸುಳ್ಳು ಬರೆಯುವುದು ಬೇಡ. ಯಾವತ್ತಾದರೂ ಬರಬಹುದು, ಬರದೆಯೂ ಹೋಗಬಹುದು.

ಮಚ್ಚೆ ಎಡಕ್ಕೆ ಇತ್ತು. ನೀನು ಗೊತ್ತಿಲ್ಲ ಎಂದು ಬಿಟ್ಟ ಸಾಲು ಓದುತ್ತಿದ್ದ ಹಾಗೇ ನನ್ನ ಬೆರಳಿಗೆ ಗೊತ್ತಾಯಿತು. ಚಿಕ್ಕವಳಿದ್ದಾಗ ಅಪ್ಪನ ಹೆಗಲ ಮೇಲೆ ಮಲಗಿ ಅದನ್ನು ಉಗುರಿನಿಂದ ಕೆರೆಯುತ್ತಿದ್ದೆ, "ಬಿಡೆ, ಕಿತ್ಕೊಂಡ್ ಬತ್ತದೆ" ಎಂದು ಅವನು ಕತ್ತು ಓರೆ ಮಾಡುತ್ತಿದ್ದ. ಅಷ್ಟು ಹತ್ತಿರದಿಂದ ಅವನ ಮುಖ ಬಂತು. ಪೂರ್ತಿ ಬಂತು ಮೇಘಾ, ಬೇರೆ ಯಾರದೂ ಅಲ್ಲ. ಅಪ್ಪ ಹೋದಾಗಿನಿಂದ ನಾನು ಅತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಅಳಲಿಲ್ಲ, ಹೊಲದಲ್ಲಿ ಅಳಲಿಲ್ಲ, ಅಳು ಬರುವ ಕಡೆಯೆಲ್ಲ ಸಿಟ್ಟು ಬಂದಿತ್ತು. ಭಾನುವಾರ ಎಲೆಯ ಮುಂದೆ ಕೂತು ಅಪ್ಪನಿಗಾಗಿ ಅತ್ತೆ.

ವನಜಾ